ಪೆರಾಕ್ಸೈಡ್ ಕ್ಯಾಥೋಡಿಗೆ ಯಾವ ಲೋಹ, ಎಷ್ಟು ಲೋಹ?

ಬಳ್ಳಾರಿಯ ಜೀನ್ಸ್ ವಾಷಿಂಗ್ ಯೂನಿಟ್‌ಗಳಿಂದ ಬರುವ ನೀಲಿ ನೀರಿನ ಬಣ್ಣ ಕಳೆಯಲು ಹೈಡ್ರೋಜನ್ ಪೆರಾಕ್ಸೈಡ್ ಉಪಯೋಗಕ್ಕೆ ಬರುತ್ತದೆ. ಅದನ್ನು ಕ್ಯಾನ್‌ಗಳಲ್ಲಿ ತರಿಸುವ ಬದಲು ಗಾಳಿ, ನೀರು, ಕರೆಂಟ್ ಬಳಸಿ ಸ್ಥಳದಲ್ಲೇ ಮಾಡಿಕೊಳ್ಳಬಹುದು. ಹಾಗೆ ಮಾಡಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: ಕ್ಯಾಥೋಡಿನ, ಎಂದರೆ ವಿದ್ಯುತ್ ಸೆಲ್‌ನಲ್ಲಿ ಪೆರಾಕ್ಸೈಡ್ ಹುಟ್ಟುವ ಋಣ ಎಲೆಕ್ಟ್ರೋಡಿನ, ಇಂಗಾಲದ ಮೇಲೆ ಯಾವ ಲೋಹ ಕೂರಿಸಬೇಕು? ಕೋಬಾಲ್ಟೋ, ನಿಕ್ಕಲೋ, ಚಿನ್ನವೋ, ಪಲ್ಲಾಡಿಯಮೋ? ನಮ್ಮ ಸಲಹೆ ಇಷ್ಟು. ಮೊದಲು ನೀರಿನ ಪಿಎಚ್ ಯಾವುದೆಂದು ತೀರ್ಮಾನಿಸಿ. ಆಮೇಲೆ ಲೋಹವೇ ಇಲ್ಲದ ಇಂಗಾಲದಿಂದ ಶುರುಮಾಡಿ. ಅದು ಎಲ್ಲಿ ಸೋಲುತ್ತದೋ ಅಲ್ಲಿ ಮಾತ್ರ ಲೋಹಕ್ಕೆ ಜಾಗ ಕೊಡಿ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಸಾಧಾರಣ ಸೆಲ್‌ನಿಂದ ಬರುವುದು ಶೇ. 0.1ರಿಂದ ಹೆಚ್ಚೆಂದರೆ ಕೆಲವು ಶೇಕಡಾದಷ್ಟು ತೆಳು ಪೆರಾಕ್ಸೈಡ್. ನಿಮ್ಮ ಕೆಲಸಕ್ಕೆ ಶೇ. 35 ಅಥವಾ 50ರ ಗಟ್ಟಿ ದ್ರಾವಣವೇ ಬೇಕಿದ್ದರೆ ಕ್ಯಾನ್ ತರಿಸುವುದೇ ಸರಿ. ಅದು ತಯಾರಾಗುವುದು ಆಂಥ್ರಾಕ್ವಿನೋನ್ ವಿಧಾನದಲ್ಲಿ, ದೊಡ್ಡ ಕಾರ್ಖಾನೆಗಳಲ್ಲಿ. ಅದರ ಜೊತೆ ಪೈಪೋಟಿಗಿಳಿಯುವುದು ಈ ಸೆಲ್‌ನ ಕೆಲಸವಲ್ಲ. ಇನ್ನೊಂದು: ಕೊಪ್ಪಳ, ರಾಯಚೂರು ಕಡೆಯ ಬೋರ್ ನೀರಿನ ಫ್ಲೋರೈಡ್ ಪೆರಾಕ್ಸೈಡಿನಿಂದ ಹೋಗುವುದಿಲ್ಲ. ಆ ಆಸೆಯಿಂದ ಈ ಪ್ರಾಜೆಕ್ಟ್ ಕೈಗೆತ್ತಿಕೊಳ್ಳಬೇಡಿ.

ಕ್ಯಾಥೋಡಿನಲ್ಲಿ ಆಗುವುದೇನು

ಆಮ್ಲಜನಕದ ಅಣು ಎರಡು ಎಲೆಕ್ಟ್ರಾನ್ ತೆಗೆದುಕೊಂಡರೆ ಪೆರಾಕ್ಸೈಡ್, ನಾಲ್ಕು ತೆಗೆದುಕೊಂಡರೆ ನೀರು. ಮೊದಲನೆಯದರ ಪ್ರಮಾಣಿತ ವಿಭವ (ಕ್ರಿಯೆಗೆ ಸಹಜವಾದ ವೋಲ್ಟೇಜ್) 0.70 ವೋಲ್ಟ್, ಎರಡನೆಯದರದ್ದು 1.23 ವೋಲ್ಟ್. ನಮಗೆ ಬೇಕಿರುವುದು ಎರಡು ಆಮ್ಲಜನಕ ಪರಮಾಣುಗಳ ನಡುವಿನ ಬಂಧ ಮುರಿಯದೆ ಉಳಿಯುವುದು. ಪ್ಲಾಟಿನಂ, ಪಲ್ಲಾಡಿಯಂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತವೆ. ಬಂಧ ಮುರಿದು ನೀರಾಗುತ್ತದೆ. ಚಿನ್ನ ಸಡಿಲವಾಗಿ ಹಿಡಿಯುತ್ತದೆ. ಬಂಧ ಉಳಿದರೂ ಕ್ರಿಯೆ ಸಾಗಲು ಹೆಚ್ಚುವರಿ ವೋಲ್ಟೇಜ್ ಕೊಡಬೇಕಾಗುತ್ತದೆ. ನಾಲ್ಕು ನೈಟ್ರೋಜನ್ ಪರಮಾಣುಗಳ ನಡುವೆ ಒಂಟಿಯಾಗಿ ಕೂತ ಕೋಬಾಲ್ಟಿನ ಹಿಡಿತ ಇವೆರಡರ ಮಧ್ಯೆ ಬರುತ್ತದೆ. ಬಂಧ ಸುಲಭವಾಗಿ ಮುರಿಯುವುದು ಅಕ್ಕಪಕ್ಕ ಎರಡು ಲೋಹದ ಪರಮಾಣುಗಳು ಸಿಕ್ಕಾಗ. ಹಾಗಾಗಿಯೇ ಈ ಕೆಲಸದಲ್ಲಿ ಲೋಹ ಕಡಿಮೆಯಿದ್ದು, ಚದುರಿಕೊಂಡಿದ್ದಷ್ಟೂ ಒಳ್ಳೆಯದು. ಶೇ. 20, 40 ಲೋಹ ಹೇರಿದ ಫ್ಯುಯೆಲ್ ಸೆಲ್ ಕ್ಯಾಟಲಿಸ್ಟ್ (ಕ್ರಿಯೆಯನ್ನು ಚುರುಕುಗೊಳಿಸುವ ಪುಡಿ) ತಂದು ಇಲ್ಲಿ ಹಾಕಿದರೆ ಬರೀ ನೀರು ಸಿಗುತ್ತದೆ.

ಲೆಕ್ಕ ಹಾಕಿ ನೋಡಿ

ಒಂದು ಆಂಪಿಯರ್-ಗಂಟೆಗೆ, ಪೂರ್ತಿ ದಕ್ಷತೆಯಿದ್ದರೆ, ಎಂದರೆ ಹರಿದ ಕರೆಂಟೆಲ್ಲ ಪೆರಾಕ್ಸೈಡಿಗೇ ಹೋದರೆ, 0.634 ಗ್ರಾಂ ಪೆರಾಕ್ಸೈಡ್ ಬರುತ್ತದೆ. ಸೆಲ್ 2.5 ವೋಲ್ಟ್‌ನಲ್ಲಿ, ಶೇ. 80 ದಕ್ಷತೆಯಲ್ಲಿ ನಡೆದರೆ ಒಂದು ಕಿಲೋಗೆ ಸುಮಾರು 4.9 ಯೂನಿಟ್ ಕರೆಂಟ್. ಈಗ ಲೋಹ ಹಾಕಿ 0.3 ವೋಲ್ಟ್ ಉಳಿಸಿದಿರಿ ಎಂದುಕೊಳ್ಳಿ. ಉಳಿತಾಯ ಕಿಲೋಗೆ 0.6 ಯೂನಿಟ್. ಅದೇ ಲೋಹದಿಂದ ದಕ್ಷತೆ ಶೇ. 90ರಿಂದ 70ಕ್ಕೆ ಇಳಿದರೆ, 2.5 ವೋಲ್ಟ್ ಸೆಲ್‌ನಲ್ಲಿ ಖರ್ಚು 4.4 ಯೂನಿಟ್‌ನಿಂದ 5.6 ಯೂನಿಟ್‌ಗೆ ಏರುತ್ತದೆ. ವೋಲ್ಟೇಜ್ ಉಳಿಸಲು ಹೋಗಿ ದಕ್ಷತೆ ಕಳೆದುಕೊಂಡರೆ ಎರಡರಷ್ಟು ನಷ್ಟ. ಪ್ರಬಂಧಗಳಲ್ಲಿ ಕ್ರಿಯೆ ಶುರುವಾಗುವ ವಿಭವವನ್ನೇ ದೊಡ್ಡದಾಗಿ ತೋರಿಸುವುದು ರೂಢಿ. ಆಯ್ಕೆ ಮಾಡುವವರು ನೋಡಬೇಕಾದದ್ದು, ಓಡಿಸಬೇಕಿರುವ ಕರೆಂಟ್ ಸಾಂದ್ರತೆಯಲ್ಲಿ, ಹಲವು ಗಂಟೆಗಳ ನಂತರವೂ ಉಳಿಯುವ ದಕ್ಷತೆ.

ಕ್ಷಾರದಲ್ಲಿ: ಲೋಹ ಬೇಡ

ಪಿಎಚ್ 12ರ ಮೇಲಿದ್ದರೆ, ಉದಾಹರಣೆಗೆ ಪೊಟ್ಯಾಸಿಯಂ ಅಥವಾ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬ್ಲೀಚಿಂಗಿಗೆ ಪೆರಾಕ್ಸೈಡ್ ಮಾಡುವಾಗ, ಆಮ್ಲದಿಂದ ಉತ್ಕರ್ಷಿಸಿದ ಕಾರ್ಬನ್ ಬ್ಲ್ಯಾಕ್ (ಮಸಿಯಂಥ ನುಣುಪು ಇಂಗಾಲದ ಪುಡಿ) ಸಾಕು. ಇಲ್ಲಿ ಇಂಗಾಲಕ್ಕೇ ಹೆಚ್ಚುವರಿ ವೋಲ್ಟೇಜ್ ಹೆಚ್ಚೇನೂ ಬೇಕಿಲ್ಲ. ಕಾಗದದ ತಿರುಳು ಬಿಳಿಚಿಸಲು ಬಳಕೆಗೆ ಬಂದ ಕ್ಷಾರೀಯ ಸೆಲ್‌ಗಳಲ್ಲೂ ಕ್ಯಾಥೋಡ್ ಎಂದರೆ ಕಾರ್ಬನ್ ಬ್ಲ್ಯಾಕ್ ಮತ್ತು ಟೆಫ್ಲಾನ್, ಅಷ್ಟೇ.

ತಯಾರಿ ಸುಲಭ. ಒಂದು ಗ್ರಾಂ ಕಾರ್ಬನ್ ಬ್ಲ್ಯಾಕನ್ನು 100ರಿಂದ 200 ಮಿ.ಲೀ. ಗಾಢ ನೈಟ್ರಿಕ್ ಆಮ್ಲದಲ್ಲಿ 80 ಡಿಗ್ರಿಯಲ್ಲಿ, ಕಂಡೆನ್ಸರ್ ಹಾಕಿ 24 ಗಂಟೆ ಕಲಕಿ. ಕಂದು ಹೊಗೆ ಏಳುತ್ತದೆ, ಅದು ವಿಷ. ಫ್ಯೂಮ್ ಹುಡ್ ಇಲ್ಲದ ಲ್ಯಾಬಿನಲ್ಲಿ ಇದನ್ನು ಮಾಡಲೇಬಾರದು. ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ, ತೊಳೆದ ನೀರು ತಟಸ್ಥವಾಗುವವರೆಗೆ ತೊಳೆದು, 80 ಡಿಗ್ರಿಯಲ್ಲಿ ಒಣಗಿಸಿ. ಇಂಗಾಲದ ಅಂಚುಗಳಲ್ಲಿ ಕೂರುವ ಆಮ್ಲಜನಕದ ಗುಂಪುಗಳೇ ಕೆಲಸ ಮಾಡುತ್ತವೆ. ಜೊತೆಗೆ ಇಂಗಾಲದಲ್ಲಿದ್ದ ಕಬ್ಬಿಣದ ಕಲ್ಮಶವೂ ಆಮ್ಲಕ್ಕೆ ಕರಗಿ ಹೋಗುತ್ತದೆ, ಇದು ಸಣ್ಣ ಲಾಭವೇನಲ್ಲ. ಅತಿಯಾದರೆ ಮಾತ್ರ ಕಷ್ಟ: ಇಂಗಾಲ ನೀರನ್ನು ಹೀರುವ ಗುಣ ಪಡೆದು, ಗ್ಯಾಸ್ ಡಿಫ್ಯೂಷನ್ ಎಲೆಕ್ಟ್ರೋಡಿನ (ಒಂದು ಬದಿಗೆ ಗಾಳಿ, ಇನ್ನೊಂದು ಬದಿಗೆ ದ್ರಾವಣ ತಾಗುವ ಕ್ಯಾಥೋಡಿನ) ರಂಧ್ರಗಳಲ್ಲಿ ನೀರು ತುಂಬಿಕೊಂಡು ಗಾಳಿ ಒಳಬರದಂತಾಗುತ್ತದೆ. ಆಗ ಟೆಫ್ಲಾನ್ ಪ್ರಮಾಣ ಹೆಚ್ಚಿಸಬೇಕು.

ಕ್ಷಾರದಲ್ಲಿ ಎರಡು ತಲೆನೋವುಗಳಿವೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕ್ಷಾರದ ಜೊತೆ ಸೇರಿ ಕಾರ್ಬೊನೇಟ್ ಹರಳಾಗಿ ರಂಧ್ರ ಮುಚ್ಚುತ್ತದೆ. ಗಾಳಿಯನ್ನು ಸೋಡಾ ಲೈಮ್ ಮೂಲಕ ಹಾಯಿಸಿ. ಇನ್ನೊಂದು, ಪಿಎಚ್ ಏರಿದಂತೆ ಪೆರಾಕ್ಸೈಡ್ ತಾನಾಗಿಯೇ ಒಡೆಯುವುದೂ ಹೆಚ್ಚು. ಕಮರ್ಷಿಯಲ್ ದರ್ಜೆಯ ಕಾಸ್ಟಿಕ್ ಸೋಡಾದಲ್ಲಿ ಇರುವ ಚೂರುಪಾರು ಕಬ್ಬಿಣವೇ ಇದಕ್ಕೆ ಸಾಕು.

ಆಮ್ಲದಲ್ಲಿ: ಇಲ್ಲಿ ಕೋಬಾಲ್ಟಿಗೆ ಅರ್ಥವಿದೆ

ಜೀನ್ಸ್ ನೀರಿನ ಬಣ್ಣ ಕಳೆಯುವ ಎಲೆಕ್ಟ್ರೋ-ಫೆಂಟನ್ ವಿಧಾನ ನಡೆಯುವುದು ಪಿಎಚ್ 3ರ ಆಸುಪಾಸಿನಲ್ಲಿ. ಕ್ಯಾಥೋಡಿನಲ್ಲಿ ಹುಟ್ಟುವ ಪೆರಾಕ್ಸೈಡನ್ನು ನೀರಿನಲ್ಲಿ ಕರಗಿದ ಫೆರಸ್ ಕಬ್ಬಿಣ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗಿ ಮಾರ್ಪಡಿಸುತ್ತದೆ, ಅದು ಇಂಡಿಗೊ ಅಣುವನ್ನು ಒಡೆಯುತ್ತದೆ. ಈ ಆಮ್ಲೀಯತೆಯಲ್ಲಿ ಬರೀ ಕಾರ್ಬನ್ ಬ್ಲ್ಯಾಕ್ ಪೆರಾಕ್ಸೈಡನ್ನೇ ಕೊಡುತ್ತದೆ, ಆದರೆ ಹೆಚ್ಚು ವೋಲ್ಟೇಜ್ ಬೇಡುತ್ತದೆ. ಕೋಬಾಲ್ಟ್-ನೈಟ್ರೋಜನ್-ಇಂಗಾಲ (ಮೇಲೆ ಹೇಳಿದಂತೆ ನೈಟ್ರೋಜನ್‌ಗಳ ನಡುವೆ ಒಂಟಿ ಕೋಬಾಲ್ಟ್ ಕೂತ ಇಂಗಾಲ) ಆ ಹೊರೆಯನ್ನು ಇಳಿಸುತ್ತದೆ.

ಅಳತೆ ಹೀಗಿದೆ. ಒಂದು ಗ್ರಾಂ ಇಂಗಾಲದ ಮೇಲೆ ಶೇ. 1 ಕೋಬಾಲ್ಟ್ ಬೇಕಿದ್ದರೆ 49 ಮಿ.ಗ್ರಾಂ ಕೋಬಾಲ್ಟ್ ನೈಟ್ರೇಟ್ ಹೆಕ್ಸಾಹೈಡ್ರೇಟ್, ಅದರ ಮೂರು ಮೋಲ್ ಪಟ್ಟು ಫಿನಾಂತ್ರೊಲೀನ್ (ಕೋಬಾಲ್ಟನ್ನು ಹಿಡಿದುಕೊಳ್ಳುವ, ನೈಟ್ರೋಜನ್ ಇರುವ ಅಣು), ಎಂದರೆ 92 ಮಿ.ಗ್ರಾಂ. ಎರಡನ್ನೂ ಎಥನಾಲ್‌ನಲ್ಲಿ ಕರಗಿಸಿ, ಇಂಗಾಲ ಸೇರಿಸಿ, ಸೋನಿಕೇಟರಿನಲ್ಲಿಟ್ಟು (ಶಬ್ದದ ಅಲೆಗಳಿಂದ ಕದಡುವ ಯಂತ್ರ), ಕಲಕುತ್ತಲೇ ಒಣಗಿಸಿ. ಅರೆದು ನುಣ್ಣಗೆ ಮಾಡಿ ಟ್ಯೂಬ್ ಫರ್ನೇಸಿನಲ್ಲಿ ನೈಟ್ರೋಜನ್ ಹರಿವಿನಲ್ಲಿ 700 ಡಿಗ್ರಿಗೆ ಏರಿಸಿ ಒಂದೆರಡು ಗಂಟೆ ಇಡಿ. ಬಿಸಿ ಏರಿಸುವ ಮೊದಲು ನೈಟ್ರೋಜನ್ ಹಾಯಿಸಿ ಕೊಳವೆಯೊಳಗಿನ ಗಾಳಿಯನ್ನು ಪೂರ್ತಿ ಹೊರಹಾಕದಿದ್ದರೆ ಇಂಗಾಲ ಸುಟ್ಟು ಬೂದಿಯಾಗುತ್ತದೆ. ಕೊನೆಗೆ 0.5 ಮೋಲಾರ್ ಗಂಧಕಾಮ್ಲದಲ್ಲಿ 60ರಿಂದ 80 ಡಿಗ್ರಿಯಲ್ಲಿ ಹಲವು ಗಂಟೆ ನೆನೆಸಿ, ಸಡಿಲ ಲೋಹ ತೆಗೆದು, ತೊಳೆದು ಒಣಗಿಸಿ.

ಕೆಡುವುದು ಎಲ್ಲಿ? ಕೋಬಾಲ್ಟ್ ಹೆಚ್ಚಾದರೆ, ಶಾಖ ಹೆಚ್ಚಾದರೆ, ಅಥವಾ ಫಿನಾಂತ್ರೊಲೀನ್ ಕಡಿಮೆಯಾದರೆ ಪರಮಾಣುಗಳು ಒಟ್ಟುಗೂಡಿ ಲೋಹದ ಕಣಗಳಾಗುತ್ತವೆ. ಅವು ನಾಲ್ಕು ಎಲೆಕ್ಟ್ರಾನ್ ದಾರಿ ಹಿಡಿಯುತ್ತವೆ, ಆದ ಪೆರಾಕ್ಸೈಡನ್ನೂ ಒಡೆಯುತ್ತವೆ. ಪತ್ತೆ ಮಾಡುವುದು ಸುಲಭ: ಪುಡಿಯನ್ನು ನೀರಿನಲ್ಲಿ ಕದಡಿ, ಗಾಜಿನ ಶೀಶೆಯ ಹೊರಗಿನಿಂದ ಬಲವಾದ ಅಯಸ್ಕಾಂತ ಹಿಡಿಯಿರಿ. ಕಪ್ಪು ಪುಡಿ ಅಯಸ್ಕಾಂತದ ಕಡೆಗೆ ಸರಿದು ಗಾಜಿಗಂಟಿಕೊಂಡರೆ ಲೋಹದ ಕಣಗಳಿವೆ. ಇಂಗಾಲದ ಪದರದೊಳಗೆ ಸಿಕ್ಕಿಕೊಂಡ ಕಣಗಳನ್ನು ಆಮ್ಲವೂ ತಲುಪುವುದಿಲ್ಲ. ಆ ಬ್ಯಾಚ್ ಬಿಟ್ಟು ಕೋಬಾಲ್ಟ್ ಅರ್ಧಕ್ಕೆ ಇಳಿಸಿ ಹೊಸದು ಮಾಡಿ. ಎಕ್ಸ್-ರೇ ಡಿಫ್ರ್ಯಾಕ್ಷನ್‌ನಲ್ಲಿ, ತಾಮ್ರದ ಟ್ಯೂಬ್ ಇದ್ದರೆ, ಕೋಬಾಲ್ಟ್ ಲೋಹದ ಗೆರೆ 44.2 ಡಿಗ್ರಿಯಲ್ಲಿ ಕಾಣುತ್ತದೆ. ಆದರೆ ಎರಡು ಮೂರು ನ್ಯಾನೋಮೀಟರ್‌ಗಿಂತ ಸಣ್ಣ ಕಣಗಳು ಅದರ ಕಣ್ಣು ತಪ್ಪಿಸುತ್ತವೆ. ಗೆರೆ ಇಲ್ಲವೆಂದ ಮಾತ್ರಕ್ಕೆ ಎಲ್ಲವೂ ಒಂಟಿ ಪರಮಾಣು ಎಂದು ಬರೆಯಬೇಡಿ.

ಟ್ಯೂಬ್ ಫರ್ನೇಸ್ ಇಲ್ಲದ ಕಾಲೇಜಿಗೆ ಕೋಬಾಲ್ಟ್ ಥ್ಯಾಲೊಸಯನೀನ್ ಒಳ್ಳೆಯ ದಾರಿ. ಅದು ಸಿದ್ಧ ಅಣು; ಡೈಮಿಥೈಲ್ ಫಾರ್ಮಮೈಡಿನಲ್ಲಿ ಇಂಗಾಲದೊಂದಿಗೆ ಸೋನಿಕೇಟ್ ಮಾಡಿ, ಸೋಸಿ, ತೊಳೆದರೆ ಮುಗಿಯಿತು. ಆಮ್ಲದಲ್ಲಿ ನಿಧಾನವಾಗಿ ಕೋಬಾಲ್ಟ್ ಬಿಟ್ಟುಕೊಡುತ್ತದೆ, ಬಾಳಿಕೆ ಕಡಿಮೆ. ಕಲಿಯಲು, ಹೋಲಿಸಲು ಸಾಕು.

ಕೋಬಾಲ್ಟ್ ನೀರಿಗೆ ಇಳಿಯುವ ಭಯ ನಿಜವಾದದ್ದು. 25 ಚದರ ಸೆಂ.ಮೀ. ಎಲೆಕ್ಟ್ರೋಡಿನ ಮೇಲೆ 12.5 ಮಿ.ಗ್ರಾಂ ಕ್ಯಾಟಲಿಸ್ಟ್ ಇದ್ದರೆ ಅದರಲ್ಲಿ ಕೋಬಾಲ್ಟ್ 0.125 ಮಿ.ಗ್ರಾಂ. ಪೂರ್ತಿ ಅರ್ಧ ಲೀಟರ್ ನೀರಿಗೆ ಇಳಿದರೆ ಲೀಟರಿಗೆ 0.25 ಮಿ.ಗ್ರಾಂ. ನೀರನ್ನು ಹೊರಬಿಡುವ ಮೊದಲು ಇದನ್ನು ಅಳೆಯಿಸಲೇಬೇಕು.

ಉಳಿದ ಲೋಹಗಳು

ನಿಕ್ಕಲ್-ನೈಟ್ರೋಜನ್-ಇಂಗಾಲ ತಟಸ್ಥ ಮತ್ತು ಕ್ಷಾರ ನೀರಿನಲ್ಲಿ ಚೆನ್ನಾಗಿ ನಡೆಯುತ್ತದೆ, ಆಮ್ಲದಲ್ಲಿ ಕೋಬಾಲ್ಟಿಗೆ ಸಮ ಬರುವುದಿಲ್ಲ. ತಟಸ್ಥ ನೀರಿಗೆ ಉತ್ಕರ್ಷಿತ ಇಂಗಾಲ ಸಾಲದೆ ಹೋದಾಗ ಇದನ್ನು ಪರೀಕ್ಷಿಸಿ.

ಕಬ್ಬಿಣ-ನೈಟ್ರೋಜನ್-ಇಂಗಾಲವನ್ನು ಪೆರಾಕ್ಸೈಡ್ ಕೂಡಿಡಲು ಆರಿಸಬೇಡಿ. ಅದು ಬಹುತೇಕ ನೀರನ್ನೇ ಕೊಡುತ್ತದೆ, ಹುಟ್ಟಿದ ಅಲ್ಪ ಪೆರಾಕ್ಸೈಡನ್ನೂ ಅಲ್ಲೇ ಒಡೆಯುತ್ತದೆ. ಎಲೆಕ್ಟ್ರೋ-ಫೆಂಟನ್‌ಗೆ ಕಬ್ಬಿಣ ಬೇಕೇ ಬೇಕು, ನಿಜ. ಅದನ್ನು ನೀರಿಗೆ ಹಾಕಿ, ಕ್ಯಾಥೋಡಿಗಲ್ಲ. ಲೀಟರಿಗೆ 11 ಮಿ.ಗ್ರಾಂ, ಅಂದರೆ 0.2 ಮಿಲಿಮೋಲಾರ್ ಫೆರಸ್‌ನಿಂದ ಶುರುಮಾಡಬಹುದು.

ಟಂಗ್‌ಸ್ಟನ್, ತವರ, ಸೀರಿಯಂ ಆಕ್ಸೈಡುಗಳನ್ನು ಕೆಲವೇ ಶೇಕಡಾ ಪ್ರಮಾಣದಲ್ಲಿ ಕಾರ್ಬನ್ ಬ್ಲ್ಯಾಕ್ ಮೇಲೆ ಕೂರಿಸುವುದು ಆಮ್ಲದ ಕೆಲಸಕ್ಕೆ ನಮಗೆ ಹಿಡಿಸಿದ ಎರಡನೆಯ ಆಯ್ಕೆ. ಅಷ್ಟೊಂದು ಸೂಕ್ಷ್ಮ ತಯಾರಿ ಬೇಡ, 700 ಡಿಗ್ರಿ ಬೇಡ. ಟಂಗ್‌ಸ್ಟನ್ ಆಕ್ಸೈಡನ್ನು ಕ್ಷಾರಕ್ಕೆ ಒಯ್ಯಬೇಡಿ, ಟಂಗ್‌ಸ್ಟೇಟ್ ಆಗಿ ಕರಗಿಹೋಗುತ್ತದೆ. ಮ್ಯಾಂಗನೀಸ್ ಡೈಆಕ್ಸೈಡ್ ಬೇಡವೇ ಬೇಡ. ಶಾಲೆಯಲ್ಲಿ ಪೆರಾಕ್ಸೈಡಿನಿಂದ ಆಮ್ಲಜನಕ ತೆಗೆದು ತೋರಿಸಲು ಬಳಸುವ ಪುಡಿ ಅದೇ. ಸಂಡೂರಿನ ಅದಿರು ಹತ್ತಿರದಲ್ಲಿ ಸಿಗುತ್ತದೆಂಬ ಕಾರಣಕ್ಕೆ ಅದನ್ನು ಕ್ಯಾಥೋಡಿಗೆ ತರುವುದು ತಪ್ಪು ಲೆಕ್ಕ.

ಚಿನ್ನ ಒಂಟಿಯಾಗಿ ನಿಧಾನ. ಅದಕ್ಕೆ ಸ್ವಲ್ಪವೇ ಪಲ್ಲಾಡಿಯಂ ಬೆರೆಸಿದರೆ ಆಮ್ಲದಲ್ಲಿ ಚುರುಕಾಗುತ್ತದೆ, ಪಲ್ಲಾಡಿಯಂ ಹೆಚ್ಚಾದರೆ ಮತ್ತೆ ನೀರಿನ ದಾರಿ. ಪಲ್ಲಾಡಿಯಂ-ಪಾದರಸ, ಪ್ಲಾಟಿನಂ-ಪಾದರಸ ಮಿಶ್ರಲೋಹಗಳು ಪ್ರಯೋಗಾಲಯದಲ್ಲಿ ಬಹಳ ಒಳ್ಳೆಯ ಫಲಿತಾಂಶ ಕೊಟ್ಟಿವೆ. ಆದರೆ ಹೊರಬಿಡುವ ನೀರಿನ ಹತ್ತಿರ ಪಾದರಸ ಸುಳಿಯಬಾರದು. ಇವು ಸಿದ್ಧಾಂತ ತಿಳಿಯಲು ಸರಿ, ಯೂನಿಟ್ಟಿಗಲ್ಲ.

ಇಂಗಾಲದ ಆಯ್ಕೆ

ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್‌ಗಳ ಭತ್ತದ ಹೊಟ್ಟನ್ನು ಇದ್ದಿಲು ಮಾಡಿ ಬಳಸುವ ಯೋಚನೆ ಸಹಜ. ಮಾಡಬಹುದು, ಆದರೆ ಎಚ್ಚರ ಬೇಕು. ಹೊಟ್ಟಿನಲ್ಲಿ ಸಾಮಾನ್ಯವಾಗಿ ಶೇ. 15ರಿಂದ 20 ಬೂದಿ, ಅದರ ಬಹುಪಾಲು ಸಿಲಿಕ. ಇದ್ದಿಲನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ಸಿಲಿಕ ತೆಗೆಯಿರಿ, ಮೇಲೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು ಕಬ್ಬಿಣ ತೆಗೆಯಿರಿ. ಮೇಲ್ಮೈ ವಿಸ್ತೀರ್ಣ ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಎರಡು ನ್ಯಾನೋಮೀಟರ್‌ಗಿಂತ ಕಿರಿದಾದ ರಂಧ್ರಗಳಲ್ಲಿ ಪೆರಾಕ್ಸೈಡ್ ಸಿಕ್ಕಿಕೊಂಡು, ಹೊರಬರುವ ಮೊದಲೇ ಮತ್ತೆರಡು ಎಲೆಕ್ಟ್ರಾನ್ ಪಡೆದು ನೀರಾಗುತ್ತದೆ. ಆಕ್ಟಿವೇಟೆಡ್ ಇದ್ದಿಲಂತೂ ಕರೆಂಟ್ ಇಲ್ಲದೆಯೂ ಪೆರಾಕ್ಸೈಡನ್ನು ಒಡೆಯುತ್ತದೆ. ಮೊದಲ ಸೆಲ್‌ಗೆ ವಲ್ಕನ್ ಎಕ್ಸ್‌ಸಿ-72ರಂಥ ಕಾರ್ಬನ್ ಬ್ಲ್ಯಾಕ್ ಇಟ್ಟು, ಹೊಟ್ಟಿನ ಇದ್ದಿಲನ್ನು ಅದರ ಪಕ್ಕದಲ್ಲಿ ಹೋಲಿಸಿ ನೋಡಿ.

ಮೊದಲ ಜರಡಿ: ಕರೆಂಟ್ ಇಲ್ಲದ ಪರೀಕ್ಷೆ

ದುಬಾರಿ ಉಪಕರಣಕ್ಕೆ ಮೊದಲು ಇದನ್ನು ಮಾಡಿ. 100 ಮಿ.ಲೀ. ಶೇ. 0.1 ಪೆರಾಕ್ಸೈಡಿಗೆ ನಿಮ್ಮ ಎಲೆಕ್ಟ್ರೋಲೈಟಿನ (ಸೆಲ್‌ನಲ್ಲಿ ಹಾಕುವ ದ್ರಾವಣದ) ಪಿಎಚ್ ಕೊಟ್ಟು, 20 ಮಿ.ಗ್ರಾಂ ಕ್ಯಾಟಲಿಸ್ಟ್ ಹಾಕಿ ಕಲಕಿ. ಶುರುವಿನಲ್ಲಿ, ಒಂದು ಗಂಟೆಗೆ, ಎರಡು ಗಂಟೆಗೆ 10 ಮಿ.ಲೀ. ತೆಗೆದು, 0.45 ಮೈಕ್ರಾನ್ ಸಿರಿಂಜ್ ಫಿಲ್ಟರಿನಲ್ಲಿ ಸೋಸಿ, ಗಂಧಕಾಮ್ಲ ಸೇರಿಸಿ, 0.02 ಮೋಲಾರ್ ಪರ್ಮ್ಯಾಂಗನೇಟಿನಿಂದ ಟೈಟ್ರೇಟ್ ಮಾಡಿ. ಅದರ ಒಂದು ಮಿ.ಲೀ.ಗೆ 1.7 ಮಿ.ಗ್ರಾಂ ಪೆರಾಕ್ಸೈಡ್, ಶುರುವಿನ 10 ಮಿ.ಲೀ.ಗೆ 5.9 ಮಿ.ಲೀ. ಹಿಡಿಯಬೇಕು. ಸೋಸದಿದ್ದರೆ ಇಂಗಾಲವೂ ಪರ್ಮ್ಯಾಂಗನೇಟ್ ತಿಂದು ಲೆಕ್ಕ ತಪ್ಪುತ್ತದೆ. ಕ್ಯಾಟಲಿಸ್ಟ್ ಇಲ್ಲದ ಇನ್ನೊಂದು ಬೀಕರನ್ನೂ ಜೊತೆಗಿಡಿ. ಎರಡರ ನಡುವೆ ದೊಡ್ಡ ವ್ಯತ್ಯಾಸ ಕಂಡರೆ ಆ ಕ್ಯಾಟಲಿಸ್ಟ್ ಅಲ್ಲಿಗೇ ಬಿಡಿ.

ರಿಂಗ್-ಡಿಸ್ಕ್ ಎಲೆಕ್ಟ್ರೋಡ್ (ತಿರುಗುವ ಡಿಸ್ಕ್ ಮೇಲೆ ಹುಟ್ಟಿದ ಪೆರಾಕ್ಸೈಡನ್ನು ಸುತ್ತಲಿನ ರಿಂಗ್ ಅಳೆಯುವ ಸಾಧನ) ಇದ್ದವರು ಡಿಸ್ಕ್ ಮೇಲೆ ಚದರ ಸೆಂ.ಮೀ.ಗೆ 50ರಿಂದ 100 ಮೈಕ್ರೋಗ್ರಾಂ ಮಾತ್ರ ಹಾಕಿ. ದಪ್ಪಗಾದರೆ ಪೆರಾಕ್ಸೈಡ್ ಪದರದೊಳಗೇ ಸಿಕ್ಕಿ, ಒಳ್ಳೆಯ ಕ್ಯಾಟಲಿಸ್ಟ್ ಕೂಡ ಕೆಟ್ಟದಾಗಿ ಕಾಣುತ್ತದೆ. ಪ್ಲಾಟಿನಂ ರಿಂಗನ್ನು 1.2 ವೋಲ್ಟಿನಲ್ಲಿಡಿ, ಅದರ ಸಂಗ್ರಹ ಪ್ರಮಾಣವನ್ನು (ಡಿಸ್ಕಿನಿಂದ ಹೊರಟದ್ದರಲ್ಲಿ ರಿಂಗ್ ಹಿಡಿಯುವ ಪಾಲನ್ನು) ಫೆರಿಸಯನೈಡಿನಿಂದ ನೀವೇ ಅಳೆಯಿರಿ, ಕಂಪನಿ ಕೊಟ್ಟ ಅಂಕಿಯನ್ನು ಹಾಗೇ ಬಳಸಬೇಡಿ. ಅಲ್ಲಿ ಶೇ. 95 ಬಂದದ್ದು ದೊಡ್ಡ ಸೆಲ್‌ನಲ್ಲಿ ಶೇ. 70 ಆಗುವುದು ಅಪರೂಪವಲ್ಲ, ಏಕೆಂದರೆ ಡಿಸ್ಕ್ ಬಳಿ ಪೆರಾಕ್ಸೈಡ್ ಕೂಡಿಕೊಳ್ಳುವುದೇ ಇಲ್ಲ.

ನಿಜವಾದ ಪರೀಕ್ಷೆ ಗ್ಯಾಸ್ ಡಿಫ್ಯೂಷನ್ ಎಲೆಕ್ಟ್ರೋಡಿನಲ್ಲಿ. 5 ಸೆಂ.ಮೀ. ಚೌಕದ ಕಾರ್ಬನ್ ಪೇಪರಿಗೆ ಚದರ ಸೆಂ.ಮೀ.ಗೆ 0.5 ಮಿ.ಗ್ರಾಂ ಬೇಕು. ಸಿಂಪಡಿಸುವಾಗ ಪೋಲಾಗುವುದನ್ನು ಲೆಕ್ಕಹಾಕಿ 16 ಮಿ.ಗ್ರಾಂ ಕ್ಯಾಟಲಿಸ್ಟ್, ಶೇ. 5ರ ನಾಫಿಯಾನ್ (ಪುಡಿಯನ್ನು ಅಂಟಿಸಿ ಹಿಡಿಯುವ ಪಾಲಿಮರ್) 90 ಮೈಕ್ರೋಲೀಟರ್, ಐಸೊಪ್ರೊಪನಾಲ್ ಕೆಲವು ಮಿ.ಲೀ. ಸೋನಿಕೇಟ್ ಮಾಡಿ, 70 ಡಿಗ್ರಿ ಬಿಸಿಯ ತಟ್ಟೆಯ ಮೇಲಿಟ್ಟ ಪೇಪರಿಗೆ ತೆಳುವಾಗಿ ಸಿಂಪಡಿಸಿ. ಮೊದಲೂ ಕೊನೆಗೂ ತೂಗಿ. ಚದರ ಸೆಂ.ಮೀ.ಗೆ 50 ಮಿಲಿ ಆಂಪಿಯರ್ ಎಂದರೆ ಒಟ್ಟು 1.25 ಆಂಪಿಯರ್, ಗಂಟೆಗೆ ಗರಿಷ್ಠ 0.79 ಗ್ರಾಂ. ಇದಕ್ಕೆ ನಿಮಿಷಕ್ಕೆ ಕನಿಷ್ಠ 45 ಮಿ.ಲೀ. ಗಾಳಿ ಬೇಕು, ಮೂರು ನಾಲ್ಕು ಪಟ್ಟು ಕೊಡಿ. ಗಾಳಿ ನಿಂತು ಕರೆಂಟ್ ಮುಂದುವರಿದರೆ ಕ್ಯಾಥೋಡಿನಲ್ಲಿ ಜಲಜನಕ ಏಳುತ್ತದೆ. ಪಂಪ್ ನಿಂತರೆ ಕರೆಂಟೂ ತಾನಾಗಿ ಕಡಿತವಾಗುವಂತೆ ಜೋಡಿಸಿ.

ಈ ಸೀಮೆಯ ನೀರು, ಗಾಳಿ, ಬಿಸಿಲು

ಗಡಸು ಬೋರ್ ನೀರನ್ನು ನೇರ ಹಾಕಿದರೆ ಯಾವ ಕ್ಯಾಟಲಿಸ್ಟೂ ಬಾಳುವುದಿಲ್ಲ. ಕ್ಯಾಥೋಡಿನ ಮೈ ಹತ್ತಿರ ಸದಾ ಕ್ಷಾರ ಹುಟ್ಟುತ್ತಿರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಳಿ ಹಕ್ಕಳೆಯಾಗಿ ಕೂತು ವೋಲ್ಟೇಜ್ ಏರುತ್ತದೆ. ಅದು ಕ್ಯಾಟಲಿಸ್ಟ್ ಸತ್ತಂತೆ ಕಾಣುತ್ತದೆ. ತೆಳು ಸಿಟ್ರಿಕ್ ಆಮ್ಲದಲ್ಲಿ ಅದ್ದಿ ತೊಳೆದ ಮೇಲೆ ವೋಲ್ಟೇಜ್ ಇಳಿದರೆ ಕ್ಯಾಟಲಿಸ್ಟ್ ತಪ್ಪಲ್ಲ. ಹೋಲಿಕೆಯ ಪ್ರಯೋಗಗಳನ್ನು ಆರ್‌ಒ ನೀರಿಗೆ ಲೀಟರಿಗೆ 7.1 ಗ್ರಾಂ ಸೋಡಿಯಂ ಸಲ್ಫೇಟ್ ಹಾಕಿ ಮಾಡಿ, ಆಮೇಲಷ್ಟೇ ನಿಜವಾದ ನೀರಿಗೆ ಬನ್ನಿ.

ಜೀನ್ಸ್ ನೀರಿನಲ್ಲಿ ಇನ್ನೆರಡು ಶತ್ರುಗಳಿವೆ. ಬ್ಲೀಚ್ ಮಾಡಿದ ನೀರಿನ ಹೈಪೊಕ್ಲೋರೈಟ್ ಪೆರಾಕ್ಸೈಡನ್ನು ಕ್ಷಣದಲ್ಲಿ ಆಮ್ಲಜನಕವಾಗಿಸಿ ಮುಗಿಸುತ್ತದೆ. ಮಂಡಿಯ ಭಾಗ ಮಾಸಲು ಕಾಣಲೆಂದು ಹೊಡೆಯುವ ಪರ್ಮ್ಯಾಂಗನೇಟ್ ಸ್ಪ್ರೇಯಿಂದ ಉಳಿಯುವ ಕಂದು ಮ್ಯಾಂಗನೀಸ್ ಡೈಆಕ್ಸೈಡ್ ಕೂಡ ಅದನ್ನೇ ಮಾಡುತ್ತದೆ. ಈ ಎರಡು ತೊಟ್ಟಿಗಳ ನೀರನ್ನು ಇಂಡಿಗೊ ನೀರಿಗೆ ಬೆರೆಸದೆ ಬೇರೆಯೇ ಹಿಡಿಯಿರಿ. ಉಪ್ಪಿನ ಅಂಶ ಹೆಚ್ಚಿದ್ದರೆ ಆನೋಡಿನಲ್ಲಿ (ಎದುರಿನ ಧನ ಎಲೆಕ್ಟ್ರೋಡಿನಲ್ಲಿ) ಕ್ಲೋರಿನ್ ಹುಟ್ಟುತ್ತದೆ, ನಡುವೆ ಪೊರೆಯಿರುವ ಸೆಲ್ ಬೇಕಾಗುತ್ತದೆ. ಇಂಥ ನೀರಿನಲ್ಲಿ ಪರ್ಮ್ಯಾಂಗನೇಟ್ ಟೈಟ್ರೇಷನ್ ನಂಬಬೇಡಿ, ಬಣ್ಣ ಮತ್ತು ಗಂಜಿ ಅದನ್ನು ತಿನ್ನುತ್ತವೆ. ಟೈಟಾನಿಯಂ ಆಕ್ಸಿಸಲ್ಫೇಟಿನ ಹಳದಿ ಬಣ್ಣವನ್ನು 410 ನ್ಯಾನೋಮೀಟರ್ ಹತ್ತಿರ ಅಳೆದು, ಅದೇ ನೀರಿನ ಬ್ಲ್ಯಾಂಕ್ (ಟೈಟಾನಿಯಂ ಹಾಕದೆ ಬರುವ ಅಳತೆ) ಕಳೆಯಿರಿ.

ತೋರಣಗಲ್ಲು, ಸಂಡೂರು ಕಡೆಯ ಕೆಂಪು ಅದಿರಿನ ದೂಳು ಎಂದರೆ ಕಬ್ಬಿಣದ ಆಕ್ಸೈಡ್. ಗಾಳಿ ಪಂಪಿಗೆ ಫಿಲ್ಟರ್ ಇಲ್ಲದಿದ್ದರೆ ಅದು ಸೀದಾ ಕ್ಯಾಥೋಡಿನ ಬೆನ್ನಿಗೆ ಹೋಗಿ ಕೂರುತ್ತದೆ. ಪೈಪು, ಟ್ಯಾಂಕು ಪಾಲಿಪ್ರೊಪಿಲೀನ್ ಅಥವಾ ಎಚ್‌ಡಿಪಿಇ ಇರಲಿ; ಹಿತ್ತಾಳೆ ನಲ್ಲಿ, ಜಿಐ ಪೈಪು ಬೇಡ. ಬೇಸಿಗೆಯ 40 ಡಿಗ್ರಿಯಲ್ಲಿ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆ, ಪ್ರತಿ 10 ಡಿಗ್ರಿಗೆ ಪೆರಾಕ್ಸೈಡ್ ಒಡೆಯುವ ವೇಗ ಎರಡು ಪಟ್ಟಿಗೂ ತುಸು ಹೆಚ್ಚು. ಮಾರ್ಚ್‌ನಲ್ಲಿ ಅಳೆದ ಒಂದು ಕ್ಯಾಟಲಿಸ್ಟನ್ನು ಡಿಸೆಂಬರಿನಲ್ಲಿ ಅಳೆದ ಇನ್ನೊಂದರ ಜೊತೆ ಹೋಲಿಸಬೇಡಿ, ಎರಡನ್ನೂ ನೀರಿನ ಜಾಕೆಟ್ ಇಟ್ಟು 25 ಡಿಗ್ರಿಯಲ್ಲೇ ಅಳೆಯಿರಿ. ತುಂಬಿದ ಕ್ಯಾನಿಗೆ ಗಾಳಿಯಾಡುವ ಮುಚ್ಚಳ ಹಾಕಿ, ಬಿಗಿ ಮುಚ್ಚಿದರೆ ಒತ್ತಡಕ್ಕೆ ಉಬ್ಬಿ ಒಡೆಯುತ್ತದೆ.

ಕರೆಂಟ್ ಹೋದಾಗ ಸೆಲ್‌ನಲ್ಲಿ ದ್ರಾವಣ ಹಾಗೇ ನಿಲ್ಲಬಾರದು. ನಿಂತ ದ್ರಾವಣ ಇಂಗಾಲವನ್ನು ತೋಯಿಸಿ ರಂಧ್ರಗಳಿಗೆ ಇಳಿಯುತ್ತದೆ, ಮರಳಿ ಚಾಲೂ ಮಾಡಿದಾಗ ದಕ್ಷತೆ ಬಿದ್ದಿರುತ್ತದೆ. ಕೆಳಗೆ ಇಳಿದುಹೋಗುವ ಡ್ರೈನ್ ಇಡಿ. ಎರಡು ಕ್ಯಾಟಲಿಸ್ಟ್‌ಗಳ ನಡುವೆ ಕೊನೆಯ ತೀರ್ಮಾನ ಮಾಡುವಾಗ ಇಂಥ ನಿಲುಗಡೆಗಳನ್ನೂ ಸೇರಿಸಿ 50 ಗಂಟೆ ಓಡಿಸಿ, ಪ್ರತಿ 5 ಗಂಟೆಗೆ ಟೈಟ್ರೇಷನ್, ಕೊನೆಯಲ್ಲಿ ನೀರಿನ ಲೋಹದ ಅಳತೆ. ವೋಲ್ಟೇಜ್ ಏರದೆ ದಕ್ಷತೆ ಮಾತ್ರ ಕುಸಿಯುತ್ತಿದ್ದರೆ ಕಬ್ಬಿಣ ಸೇರಿದೆಯೇ ಎಂದು ಮೊದಲು ಹುಡುಕಿ. ಎರಡೂ ಒಟ್ಟಿಗೆ ಕೆಡುತ್ತಿದ್ದರೆ ರಂಧ್ರಗಳಲ್ಲಿ ನೀರು ತುಂಬಿದೆ. ಎಲೆಕ್ಟ್ರೋಡನ್ನು ಬಿಚ್ಚಿ ಒಣಗಿಸಿ, ಹಿಂಬದಿಯಲ್ಲಿ ಹನಿಗಳು ಮೂಡುತ್ತಿವೆಯೇ ನೋಡಿ.